ಮರಳಿ ಹಾಡಿದ ಹಾಡು ಯಾರದು?

2004ರಲ್ಲಿ ಅಮೆರಿಕದ ಹೆವಿ ಮೆಟಲ್ ತಂಡ ಆಂಥ್ರಾಕ್ಸ್ ಒಂದು ಆಲ್ಬಮ್ ತಂದಿತು. ಅದರಲ್ಲಿ ಹೊಸ ಹಾಡು ಒಂದೂ ಇರಲಿಲ್ಲ. ಹಳೆಯ ಜನಪ್ರಿಯ ಹಾಡುಗಳನ್ನು ಒಟ್ಟುಗೂಡಿಸಿ ಹೊರತರುವುದು ಎಲ್ಲ ತಂಡಗಳೂ ಮಾಡುವ ಕೆಲಸವೇ. ಆದರೆ ಇಲ್ಲಿ ಹಳೆಯ ಧ್ವನಿಮುದ್ರಣವೂ ಇರಲಿಲ್ಲ. ಯಾವ ಹಾಡು ಬೇಕೆಂದು ಅಭಿಮಾನಿಗಳಿಂದ ಮತ ಕೇಳಿ, ಗೆದ್ದ ಹಾಡುಗಳನ್ನು ತಂಡ ಸ್ಟುಡಿಯೋದಲ್ಲಿ ವೇದಿಕೆಯ ಮೇಲೆ ನುಡಿಸುವಂತೆಯೇ ಒಟ್ಟಿಗೆ ನಿಂತು ಮತ್ತೆ ನುಡಿಸಿತು. ಮೂಲದಲ್ಲಿ ಆ ಹಾಡುಗಳನ್ನು ಹಾಡಿದ್ದವರು ಇಬ್ಬರು. 1984ರ ಮೊದಲ ಆಲ್ಬಮ್‌ನಲ್ಲಿ ನೀಲ್ ಟರ್ಬಿನ್, ಅದರ ನಂತರದವುಗಳಲ್ಲಿ ಜೋಯಿ ಬೆಲಾಡೊನಾ. ಈ ಸಲ ಹಾಡಿದವನು 1992ರಲ್ಲಿ ತಂಡ ಸೇರಿದ ಜಾನ್ ಬುಷ್. ಆಲ್ಬಮ್‌ನ ಹೆಸರು ‘ದಿ ಗ್ರೇಟರ್ ಆಫ್ ಟು ಈವಿಲ್ಸ್’. ಎರಡು ಕೆಡುಕುಗಳಲ್ಲಿ ಸಣ್ಣದನ್ನು ಆರಿಸಿಕೋ ಎನ್ನುವ ಮಾತನ್ನು ತಿರುಗಿಸಿ, ಇದು ದೊಡ್ಡದು ಎಂದು ತಮ್ಮನ್ನೇ ಗೇಲಿ ಮಾಡಿಕೊಂಡ ಹೆಸರು.

ಮರುವರ್ಷವೇ ಬೆಲಾಡೊನಾ ತಂಡಕ್ಕೆ ಮರಳಿದ. ಬುಷ್ ಹೊರಗಾದ. ಹಳೆಯ ಹಾಡುಗಳು ಹಳೆಯ ಗಂಟಲಿಗೆ ಹಿಂದಿರುಗಿದವು. ನಡುವೆ ಬುಷ್ ಹಾಡಿದ ಆ ಹದಿನಾಲ್ಕು ಹಾಡು ಯಾವ ಮನೆಗೂ ಸೇರದ ಮಕ್ಕಳಂತೆ ಉಳಿದವು.

ಹಾಗಾದರೆ ಆ ಆಲ್ಬಮ್ ಕೊಂಡವರು ಕೊಂಡದ್ದು ಏನನ್ನು? ಅದೇ ಹಾಡನ್ನೋ, ಅದೇ ಹೆಸರಿನ ಬೇರೆ ಹಾಡನ್ನೋ? ಒಬ್ಬ ಮೊದಲು ಹಾಡಿ ತನ್ನದಾಗಿಸಿಕೊಂಡ ಹಾಡನ್ನು ಇನ್ನೊಬ್ಬ ಹಾಡಿದರೆ ಮೊದಲಿನವನಿಗೆ ಏನಾದರೂ ಸಲ್ಲಬೇಕೇ? ತಾನೇ ಹಾಡಿದ್ದನ್ನು ತಾನೇ ಮತ್ತೆ ಹಾಡುವಾಗ ಯಾರಿಗಾದರೂ ಏನಾದರೂ ಬಾಕಿ ಉಳಿಯುತ್ತದೆಯೇ?

ವಿಜಯಪುರದಲ್ಲಿ ಕೂತು ಇದನ್ನೆಲ್ಲ ಯಾಕೆ ಕೆದಕಬೇಕು ಎಂದು ಕೇಳಬಹುದು. ಹೆವಿ ಮೆಟಲ್ ಕರ್ನಾಟಕಕ್ಕೆ ಪರಕೀಯವಾಗಿ ಉಳಿದಿಲ್ಲ ಎನ್ನುವುದು ಒಂದು ಉತ್ತರ. ಬೆಂಗಳೂರಿನ ಕ್ರಿಪ್ಟೋಸ್ ತಂಡ 1998ರಿಂದ ನುಡಿಸುತ್ತಿದೆ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಹಾಡಿಹೋದವು. ತಿಕೋಟಾದಿಂದ ಕಾಲೇಜಿಗೆ ಬರುವ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗ ಏನು ಕೇಳುತ್ತಿದ್ದಾನೆ ಎಂದು ಈಗ ಯಾರೂ ಊಹಿಸಲಾರರು. ಇನ್ನೊಂದು ಉತ್ತರ ನನಗೆ ಹೆಚ್ಚು ಮುಖ್ಯ. ಮರಳಿ ಹಾಡುವುದೆಂದರೆ ಏನು ಎನ್ನುವ ಪ್ರಶ್ನೆಯನ್ನು ಈ ನೆಲ ಶತಮಾನಗಳಿಂದ ಎದುರಿಸುತ್ತ ಬಂದಿದೆ. ಮೆಟಲ್ ತಂಡಗಳಿಗೆ ಅದು ಎದುರಾಗಿ ಮೂವತ್ತು ನಲವತ್ತು ವರ್ಷವಾಗಿರಬಹುದು, ಅಷ್ಟೇ.

*

ಮರುಮುದ್ರಣಗಳೆಲ್ಲ ಒಂದೇ ಜಾತಿಯವಲ್ಲ. ಮೊದಲು ಅವುಗಳನ್ನು ಬೇರೆಬೇರೆಯಾಗಿ ಇಟ್ಟು ನೋಡಬೇಕು.

ಎಕ್ಸೋಡಸ್ ತಂಡ 1985ರ ತನ್ನ ಮೊದಲ ಆಲ್ಬಮ್ ‘ಬಾಂಡೆಡ್ ಬೈ ಬ್ಲಡ್’ ಅನ್ನು 2008ರಲ್ಲಿ ಪೂರ್ತಿಯಾಗಿ ಮತ್ತೆ ನುಡಿಸಿ, ‘ಲೆಟ್ ದೇರ್ ಬಿ ಬ್ಲಡ್’ ಎಂಬ ಬೇರೆ ಹೆಸರಿನಲ್ಲಿ ಹೊರತಂದಿತು. ಮೊದಲು ಹಾಡಿದ್ದ ಪಾಲ್ ಬಾಲೋಫ್ 2002ರಲ್ಲೇ ತೀರಿಕೊಂಡಿದ್ದ. ಹೊಸ ಗಾಯಕ ರಾಬ್ ಡ್ಯೂಕ್ಸ್ ಹಾಡಿದ. ತಂಡ ಅದನ್ನು ಬಾಲೋಫ್‌ನ ನೆನಪಿಗೆ ಸಲ್ಲಿಸಿದ ಗೌರವ ಎಂದು ಕರೆಯಿತು. ತೀರಿಕೊಂಡ ಹಿರಿಯರ ಪದವನ್ನು ಕಿರಿಯರು ಹಾಡುವುದು ನಮಗೆ ಹೊಸದಲ್ಲ. ಹಳೆಯ ಮುದ್ರಣ ಅಲ್ಲೇ ಇತ್ತು, ಹೊಸದು ಅದರ ಪಕ್ಕದಲ್ಲಿ ನಿಂತಿತು.

ಟೇಲರ್ ಸ್ವಿಫ್ಟ್ ಮೆಟಲ್ ಗಾಯಕಿಯಲ್ಲ. ಆದರೂ ಈಗಿನ ವಿದ್ಯಾರ್ಥಿಗಳಿಗೆ ಮರುಮುದ್ರಣ ಎಂದರೆ ಮೊದಲು ನೆನಪಾಗುವ ಹೆಸರು ಅದೇ. ಅವಳ ಮೊದಲ ಆರು ಆಲ್ಬಮ್‌ಗಳ ಮೂಲ ಮುದ್ರಿಕೆಗಳು 2019ರಲ್ಲಿ ಬೇರೆಯವರ ಕೈಗೆ ಮಾರಾಟವಾದವು. 2021ರಿಂದ ಅವಳು ಹಳೆಯ ಆಲ್ಬಮ್‌ಗಳನ್ನು ಒಂದೊಂದಾಗಿ ಮತ್ತೆ ಹಾಡಿ, ಪ್ರತಿಯೊಂದರ ಮೇಲೂ ಇದು ನನ್ನ ಆವೃತ್ತಿ ಎಂದು ಬರೆದು ಬಿಟ್ಟಳು. ನಾಲ್ಕು ಆಲ್ಬಮ್ ಹಾಗೆ ಬಂದವು. 2025ರಲ್ಲಿ ಮೂಲ ಮುದ್ರಿಕೆಗಳನ್ನೂ ಕೊಂಡುಕೊಂಡಳು. ಇಲ್ಲಿ ಮರುಹಾಡುವಿಕೆ ಒಂದು ಹಕ್ಕಿನ ಹೋರಾಟ. ಹೊಲ ಕೈಬಿಟ್ಟುಹೋದ ರೈತ ಪಕ್ಕದಲ್ಲೇ ಇನ್ನೊಂದು ತುಂಡು ನೆಲ ಹಿಡಿದು ಅದೇ ಬೀಜ ಬಿತ್ತಿದ ಹಾಗೆ.

ಮೂರನೆಯದು ಆಜಿ ಆಸ್ಬಾರ್ನ್‌ನದು. ಅವನ 1980 ಮತ್ತು 1981ರ ಮೊದಲ ಎರಡು ಆಲ್ಬಮ್‌ಗಳಲ್ಲಿ ಬಾಸ್ ನುಡಿಸಿದ್ದವನು ಬಾಬ್ ಡೇಸ್ಲಿ, ಡ್ರಮ್ಸ್ ಬಾರಿಸಿದ್ದವನು ಲೀ ಕರ್ಸ್ಲೇಕ್. ರಾಯಲ್ಟಿಯ ವಿಷಯದಲ್ಲಿ ಇವರಿಗೂ ಆಜಿಯ ಕಡೆಯವರಿಗೂ ವ್ಯಾಜ್ಯ ನಡೆಯಿತು. 2002ರಲ್ಲಿ ಆ ಆಲ್ಬಮ್‌ಗಳು ಮರುಬಿಡುಗಡೆಯಾದಾಗ ಇಬ್ಬರ ನುಡಿಸಾಣಿಕೆಯನ್ನೂ ಅಳಿಸಿ, ಅದೇ ಜಾಗದಲ್ಲಿ ಬೇರೆ ಇಬ್ಬರಿಂದ ಹೊಸದಾಗಿ ನುಡಿಸಿ ಸೇರಿಸಲಾಗಿತ್ತು. ಆಜಿಯ ದನಿ ಹಳೆಯದೇ, 1982ರಲ್ಲಿ ತೀರಿಕೊಂಡ ರ‍್ಯಾಂಡಿ ರೋಡ್ಸ್‌ನ ಗಿಟಾರ್ ಹಳೆಯದೇ, ಆಲ್ಬಮ್‌ನ ಹೆಸರೂ ಹಳೆಯದೇ. ಬದಲಾದದ್ದನ್ನು ಕೇಳುಗರು ಕಿವಿಯಿಂದಲೇ ಕಂಡುಹಿಡಿಯಬೇಕಾಯಿತು. ಅಭಿಮಾನಿಗಳ ಸಿಟ್ಟು ತಣಿಯಲಿಲ್ಲ. 2011ರ ಮರುಬಿಡುಗಡೆಯಲ್ಲಿ ಮೂಲ ನುಡಿಸಾಣಿಕೆ ಹಿಂದಿರುಗಿತು.

ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಹೆಚ್ಚು ಬದಲಾದದ್ದು ಎಕ್ಸೋಡಸ್ ಆಲ್ಬಮ್. ಅಲ್ಲಿ ಗಾಯಕನೂ ಬೇರೆ, ಪ್ರತಿಯೊಂದು ಸ್ವರವೂ ಹೊಸದು. ಕಡಿಮೆ ಬದಲಾದದ್ದು ಆಜಿಯದು. ಆದರೆ ನಮಗೆ ಮೋಸ ಎನ್ನಿಸುವುದು ಕಡಿಮೆ ಬದಲಾದದ್ದೇ. ಹಾಗಾದರೆ ತಪ್ಪು ಒಪ್ಪುಗಳನ್ನು ಬದಲಾವಣೆಯ ಪ್ರಮಾಣದಿಂದ ಅಳೆಯಲಾಗದು. ಬೇರೆ ಯಾವುದೋ ಅಳತೆಗೋಲು ನಮ್ಮ ಮನಸ್ಸಿನಲ್ಲಿ ಕೆಲಸ ಮಾಡುತ್ತಿದೆ.

*

ಆ ಅಳತೆಗೋಲನ್ನು ಹುಡುಕುವ ಮೊದಲು ಇನ್ನೊಂದು ಗಂಟು ಬಿಚ್ಚಬೇಕು. ಮರಳಿ ಹಾಡಿದ್ದು ಅದೇ ಹಾಡೇ?

ನಮ್ಮ ದರ್ಶನಕಾರರು ಹಾಡಿನ ಬಗ್ಗೆ ಅಲ್ಲದಿದ್ದರೂ ಶಬ್ದದ ಬಗ್ಗೆ ಇದೇ ಜಗಳ ಆಡಿದ್ದಾರೆ. ಮೀಮಾಂಸಕರ ಪ್ರಕಾರ ಶಬ್ದ ನಿತ್ಯ. ನಾವು ಉಚ್ಚರಿಸಿದಾಗ ಅದು ಹುಟ್ಟುವುದಿಲ್ಲ, ಕತ್ತಲಲ್ಲಿ ಇದ್ದ ವಸ್ತುವಿನ ಮೇಲೆ ದೀಪ ಬಿದ್ದಂತೆ ಪ್ರಕಟವಾಗುತ್ತದೆ. ಶಬರ ಮಾಡುವ ವಾದ ಬಹಳ ಸರಳ. ಒಬ್ಬ ‘ಗೋ’ ಎನ್ನುವ ಶಬ್ದವನ್ನು ಎಂಟು ಸಲ ಹೇಳಿದರೆ, ಎಂಟು ಸಲ ಹೇಳಿದ ಎನ್ನುತ್ತೇವೆಯೇ ಹೊರತು ಎಂಟು ಗೋ ಶಬ್ದಗಳು ಹುಟ್ಟಿದವು ಎನ್ನುವುದಿಲ್ಲ. ಹೇಳುವ ಗಂಟಲು ಬೇರೆ, ಹೊತ್ತು ಬೇರೆ, ಶಬ್ದ ಒಂದೇ.

ಬೌದ್ಧರು ಇದಕ್ಕೆ ಒಪ್ಪಲಿಲ್ಲ. ಕತ್ತರಿಸಿದ ಉಗುರು ಮತ್ತೆ ಬೆಳೆದಾಗ ಅದೇ ಉಗುರು ಎನ್ನುತ್ತೀರಿ, ಅದು ಅದೇ ಉಗುರೇ? ರಾತ್ರಿಯಿಡೀ ಉರಿದ ದೀಪವನ್ನು ಅದೇ ದೀಪ ಎನ್ನುತ್ತೀರಿ, ಕ್ಷಣಕ್ಷಣಕ್ಕೂ ಜ್ವಾಲೆ ಬೇರೆಯಲ್ಲವೇ? ಹೋಲಿಕೆಯನ್ನು ಕಂಡು ಏಕತೆ ಎಂದು ಭ್ರಮಿಸುತ್ತೀರಿ ಎಂದರು.

ಮೂರನೆಯ ದಾರಿ ಅದ್ವೈತಿಗಳು ಬಳಸುವ ಒಂದು ಉದಾಹರಣೆಯಲ್ಲಿದೆ. ಅಂದು ಆ ಊರಲ್ಲಿ ಕಂಡ ದೇವದತ್ತನೇ ಇವನು ಎನ್ನುವ ಮಾತು. ಅಂದಿನ ದೇವದತ್ತ ಹುಡುಗ, ಇಂದಿನವನು ತಲೆ ನರೆತವನು. ಅಂದು, ಇಂದು ಎಂಬ ಕಾಲ. ಅಲ್ಲಿ, ಇಲ್ಲಿ ಎಂಬ ದೇಶ. ಇವು ಒಂದಕ್ಕೊಂದು ಹೊಂದುವುದಿಲ್ಲ. ಹೊಂದದ ಭಾಗವನ್ನು ಬಿಟ್ಟು ಉಳಿದದ್ದನ್ನು ಹಿಡಿದರೆ ವ್ಯಕ್ತಿ ಒಬ್ಬನೇ.

ಇದನ್ನು ಹಾಡಿಗೆ ಹಚ್ಚಿ ನೋಡೋಣ. ಆಂಥ್ರಾಕ್ಸ್‌ಗೆ ಮತ ಹಾಕಿದ ಅಭಿಮಾನಿ ಮೀಮಾಂಸಕ. ಅವನು ಆರಿಸಿದ್ದು ಹಾಡನ್ನು, ಯಾವುದೇ ಒಂದು ಮುದ್ರಣವನ್ನಲ್ಲ. ಆಲ್ಬಮ್ ಕೈಗೆ ಬಂದು ಮೊದಲ ಸಾಲು ಕೇಳಿದೊಡನೆ ಅವನ ಕಿವಿ ಬೌದ್ಧವಾಗುತ್ತದೆ. ಇದು ಅದಲ್ಲ, ಅದರ ಹಾಗಿದೆ ಅಷ್ಟೇ ಎನ್ನುತ್ತದೆ. ನಾಲ್ಕು ಸಲ ಕೇಳಿದ ಮೇಲೆ, ಮನಸ್ಸಿದ್ದರೆ, ದೇವದತ್ತನ ದಾರಿ ತೆರೆಯುತ್ತದೆ. ಗಂಟಲು ಬಿಟ್ಟು, ವರ್ಷ ಬಿಟ್ಟು, ಉಳಿದ ಹಾಡನ್ನು ಅವನು ಗುರುತಿಸುತ್ತಾನೆ.

ಆದರೆ ಬಿಡಬೇಕಾದದ್ದು ಯಾವುದು ಎನ್ನುವುದು ಎಲ್ಲ ಸಂಗೀತಕ್ಕೂ ಒಂದೇ ಅಲ್ಲ. ಭೀಮಸೇನ ಜೋಶಿಯವರು ಒಂದೇ ರಾಗವನ್ನು ಬೇರೆಬೇರೆ ವರ್ಷಗಳಲ್ಲಿ ಹಲವು ಸಲ ಹಾಡಿದರು. ಅವುಗಳಲ್ಲಿ ಮೂಲ ಯಾವುದು ಎಂದು ಯಾರೂ ಕೇಳಲಿಲ್ಲ. ಯಾವುದು ಹೆಚ್ಚು ಕಳೆಕಟ್ಟಿತು ಎಂದು ಮಾತ್ರ ವಾದ ಮಾಡಿದರು. ಅಲ್ಲಿ ಪ್ರತಿ ಬೈಠಕ್ಕೂ ಹೊಸ ಹುಟ್ಟು. ರಾಕ್ ಮತ್ತು ಮೆಟಲ್ ಹಾಗಲ್ಲ. ಗಿಟಾರಿನ ಆ ಕರ್ಕಶ ಗುಂಗು, ಆ ವರ್ಷದ ಯಂತ್ರಗಳು ಡ್ರಮ್ಸಿಗೆ ಕೊಟ್ಟ ಸದ್ದು, ಇಪ್ಪತ್ತೆರಡರ ಹುಡುಗರ ಅವಸರ, ಕೈತಪ್ಪಿ ಆದ ಒಂದು ಸಣ್ಣ ಲೋಪ ಕೂಡ ಕೃತಿಯ ಭಾಗ. ಜನ ಪ್ರೀತಿಸಿದ್ದು ಆ ಮುದ್ರಣವನ್ನೇ. ಹೀಗಾಗಿ ಮೆಟಲ್ ತಂಡ ತನ್ನ ಹಾಡನ್ನು ಮತ್ತೆ ನುಡಿಸಿದಾಗ ಸ್ವರ ಒಂದೂ ತಪ್ಪದಿದ್ದರೂ ಏನೋ ಕಳೆದುಹೋಗಿರುತ್ತದೆ. ಉತ್ತಮ ಯಂತ್ರ, ಪಳಗಿದ ಕೈ, ಹೆಚ್ಚು ಹಣ ಇವೆಲ್ಲ ಸೇರಿದಷ್ಟೂ ಕಳೆದುಹೋದದ್ದು ಹೆಚ್ಚು ಎದ್ದು ಕಾಣುತ್ತದೆ.

*

ವಿಜಯಪುರದಿಂದ ತಿಕೋಟಾ ದಾರಿ ಹಿಡಿದರೆ ಊರು ದಾಟಿದ ಸ್ವಲ್ಪ ಹೊತ್ತಿಗೇ ತೊರವಿ ಸಿಗುತ್ತದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನೌರಸಪುರ ಎಂಬ ಹೊಸ ನಗರ ಕಟ್ಟಲು ತೊಡಗಿದ್ದು ಇಲ್ಲೇ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಸಂಗೀತ ಮಹಲಿನ ಕಮಾನುಗಳು ಇಂದಿಗೂ ನಿಂತಿವೆ. ಸುಲ್ತಾನ ಸ್ವತಃ ಹಾಡು ಕಟ್ಟುತ್ತಿದ್ದ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ದಖನಿಯಲ್ಲಿ ಅವನು ರಚಿಸಿದ ಹಾಡುಗಳು ‘ಕಿತಾಬ್-ಎ-ನೌರಸ್’ನಲ್ಲಿವೆ. ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಕಲಬುರಗಿಯ ಬಂದೇನವಾಜರ ಸ್ತುತಿಯೂ ಇದೆ. ಹಾಡುಗಳನ್ನು ರಾಗಗಳ ಹೆಸರಿನಡಿ ಜೋಡಿಸಲಾಗಿದೆ. ಆದರೆ ರಾಗದ ಹೆಸರು ಉಳಿಯಿತು, ಸುಲ್ತಾನ ಹಾಡಿದ ಬಗೆ ಉಳಿಯಲಿಲ್ಲ. ಇಂದು ಯಾರಾದರೂ ಅದರಲ್ಲೊಂದನ್ನು ಹಾಡಿದರೆ ಅದು ಮೂಲವೇ ಇಲ್ಲದ ಮರುಹಾಡು.

ಅದೇ ತೊರವಿಯ ನರಸಿಂಹನ ನೆರಳಲ್ಲಿ ನರಹರಿ ಕವಿ ರಾಮಾಯಣವನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದ. ಕುಮಾರ ವಾಲ್ಮೀಕಿ ಎಂದು ಕರೆಸಿಕೊಂಡ. ಈ ಬಿರುದಿನಲ್ಲೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. ಅವನು ತಾನು ವಾಲ್ಮೀಕಿ ಎನ್ನಲಿಲ್ಲ. ಕಥೆ ತನ್ನದೇ ಹೊಸದು ಎಂದೂ ಹೇಳಲಿಲ್ಲ. ವಾಲ್ಮೀಕಿಯ ಮಗ ಎಂದ. ಮಗನ ಮುಖದಲ್ಲಿ ಅಪ್ಪನ ಹೋಲಿಕೆ ಇರುತ್ತದೆ, ಆದರೆ ಮಗ ಅಪ್ಪನಲ್ಲ. ಮಗ ಬಂದದ್ದರಿಂದ ಅಪ್ಪನ ಹೆಸರು ಅಳಿಯುವುದಿಲ್ಲ.

ಬಬಲೇಶ್ವರ ತಾಲ್ಲೂಕಿನ ಕಾಖಂಡಕಿ ಹದಿನೇಳನೆಯ ಶತಮಾನದ ಮಹಿಪತಿದಾಸರ ಊರು. ಅವರ ಪದಗಳನ್ನು ಈ ಭಾಗದ ಭಜನೆಗಳಲ್ಲಿ ಇಂದಿಗೂ ಹಾಡುತ್ತಾರೆ. ಹಾಗೆ ಹಾಡುವ ಒಬ್ಬ ಹಿರಿಯರನ್ನು ಕಾಲೇಜು ಹುಡುಗನೊಬ್ಬ ಕೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. “ಅಜ್ಜಾರ, ಈ ಪದದ ಖರೇ ಧಾಟಿ ಯಾವದ್ರಿ?” ಅಜ್ಜ ತಾಳ ಕೆಳಗಿಟ್ಟು ಹೇಳಿದರು: “ಖರೇ ಧಾಟಿ ಹಾಡಿದವರ ಜೋಡಿ ಹೋತು ತಮ್ಮಾ. ನಮ್ಮ ಕೈಯಾಗ ಉಳದದ್ದು ಪದ ಅಷ್ಟ. ಧಾಟಿ ನಿಂದು ಹಚ್ಚಿಕೋ, ಬ್ಯಾಡ ಅನ್ನಂಗಿಲ್ಲ. ಕಡೀಕ ಹೆಸರು ಮಾತ್ರ ಅವರದ ಬರಬೇಕು.”

ನನಗೆ ಬೇಕಾಗಿದ್ದ ಅಳತೆಗೋಲು ಆ ಕೊನೆಯ ಮಾತಿನಲ್ಲಿ ಸಿಕ್ಕಿತು. ಕಡೆಗೆ ಬರುವ ಹೆಸರು ಎಂದರೆ ಅಂಕಿತ.

*

ವಚನಕ್ಕೂ ದಾಸರ ಪದಕ್ಕೂ ಅಂಕಿತ ಎನ್ನುವುದು ಬರಿಯ ಸಹಿಯಲ್ಲ. ಯಾವ ರಾಗದಲ್ಲಿ ಹಾಡಿದರೂ, ಯಾವ ಊರಿನ ಉಚ್ಚಾರ ಬೆರೆತರೂ, ಹಾರ್ಮೋನಿಯಂ ಬಂದರೂ ಕೀಬೋರ್ಡ್ ಬಂದರೂ, ಇದು ಯಾರ ಮಾತು ಎಂಬುದನ್ನು ಕೇಳುಗನಿಗೆ ತಿಳಿಸುವ ಏರ್ಪಾಡು ಅದು. ಮಿಕ್ಕ ಎಲ್ಲದಕ್ಕೂ ಪರಂಪರೆ ಸಡಿಲ ಬಿಟ್ಟಿತು, ಇದೊಂದನ್ನು ಬಿಗಿಯಾಗಿ ಹಿಡಿಯಿತು.

ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ ಮನೆಮನೆ ತಿರುಗಿ ತಾಡೋಲೆ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಬೇರೆಬೇರೆ ಕೈಬರಹಗಳಲ್ಲಿ ಪಾಠ ಬೇರೆಬೇರೆ ಇರುತ್ತಿತ್ತು. ಕಟ್ಟು ಕಳಚಿದ ಓಲೆಗಳ ನಡುವೆ ಯಾವುದು ಯಾವ ಶರಣರದು ಎಂದು ಗುರುತು ಹಚ್ಚಲು ಅಂಕಿತವೇ ದೊಡ್ಡ ಆಧಾರ. ಹಾಡುವವರು ನಂಬಿಕೆಯಿಂದ ಉಳಿಸಿಕೊಂಡು ಬಂದಿದ್ದ ಒಂದು ಪದ ಶತಮಾನಗಳ ನಂತರ ಸಂಶೋಧಕನ ಕೈಗೆ ದಾರಿದೀಪವಾಯಿತು.

ಅಂಕಿತ ಮುಟ್ಟಿದರೆ ಏನಾಗುತ್ತದೆ ಎನ್ನುವುದನ್ನು ನಾವು ಇತ್ತೀಚೆಗೂ ಕಂಡೆವು. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಎಂಬ ಅಂಕಿತದ ಜಾಗದಲ್ಲಿ ‘ಲಿಂಗದೇವ’ ಎಂದು ಹಾಕಿದರು. 1998ರಲ್ಲಿ ರಾಜ್ಯ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಬದಲಿಸಿದವರಿಗೆ ತಮ್ಮದೇ ಆದ ನಂಬಿಕೆಯ ಕಾರಣವಿತ್ತು. ಪುಸ್ತಕವನ್ನು ತಡೆಯುವುದು ಸರಿಯೇ ಎನ್ನುವುದು ಬೇರೆಯೇ ಚರ್ಚೆ. ನಾನು ಗಮನಿಸುವುದು ಇಷ್ಟನ್ನು. ವಚನಗಳನ್ನು ಸಿನಿಮಾಕ್ಕೆ, ಬ್ಯಾಂಡಿಗೆ, ಹಿಂದುಸ್ತಾನಿ ಬೈಠಕ್ಕಿಗೆ ಒಗ್ಗಿಸಿದಾಗ ಸುಮ್ಮನಿದ್ದ, ಸಂತೋಷವನ್ನೂ ಪಟ್ಟ ಸಮಾಜ, ಒಂದೇ ಪದ ಬದಲಾದಾಗ ಕೆರಳಿತು. ಆಜಿಯ ಆಲ್ಬಮ್ ಕೇಳಿದವರ ಸಿಟ್ಟಿಗೂ ಇದಕ್ಕೂ ದೂರದ ನಂಟಿದೆ. ಅಲ್ಲೂ ಹಾಡು ಹಾಗೇ ಇತ್ತು. ಇದರಲ್ಲಿ ಯಾರ ಕೈಯಿದೆ ಎನ್ನುವ ಗುರುತನ್ನು ಮಾತ್ರ ಬದಲಿಸಲಾಗಿತ್ತು.

ಧ್ವನಿಮುದ್ರಣ ನಮ್ಮ ದೇಶಕ್ಕೆ ಬಂದಾಗಲೂ ಅಂಕಿತ ಅದರ ಜೊತೆಗೇ ಬಂತು ಎನ್ನುವುದು ಸೋಜಿಗ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆ ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ, ಲೇಬಲ್ ಅಂಟಿಸುವವರಿಗೆ ಗುರುತು ಸಿಗಬೇಕಿತ್ತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡಳು. ದಾಸರ ಪದದ ಕಡೆಯ ಸಾಲಿನಂತೆ ಆ ತಟ್ಟೆಗಳ ಕಡೆಯಲ್ಲಿ ಅವಳ ಹೆಸರು ಇನ್ನೂ ಕೇಳುತ್ತದೆ.

*

ಗುರುತಿನ ಮಾತು ದ್ರಾಕ್ಷಿ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ತಿಕೋಟಾ ಸುತ್ತಿನ ತೋಟಗಳಲ್ಲಿ ಥಾಮ್ಸನ್ ಬಳ್ಳಿಯನ್ನು ಅದರ ಸ್ವಂತ ಬೇರಿನ ಮೇಲೆ ಬೆಳೆಸುವವರು ಈಗ ಕಡಿಮೆ. ಮೊದಲು ಡಾಗ್‌ರಿಡ್ಜ್ ಎಂಬ ಕಾಡುಜಾತಿಯ ಸಸಿ ನೆಡುತ್ತಾರೆ. ಅದು ಸವಳು ನೆಲ, ನೀರಿನ ಕೊರತೆ ಎರಡನ್ನೂ ತಡೆಯುತ್ತದೆ. ಅದು ಬೇರೂರಿದ ಮೇಲೆ ಥಾಮ್ಸನ್ ಕಡ್ಡಿಯನ್ನು ಕಸಿ ಕಟ್ಟುತ್ತಾರೆ. ಬೇರು ಒಂದರದು, ಹಣ್ಣು ಇನ್ನೊಂದರದು. ಇದನ್ನು ಯಾರೂ ಮೋಸ ಎನ್ನುವುದಿಲ್ಲ. ಏಕೆಂದರೆ ಯಾವ ಬೇರಿನ ಮೇಲೆ ಯಾವ ಕಡ್ಡಿ ಎಂದು ನರ್ಸರಿಯವನು ಹೇಳಿಯೇ ಮಾರುತ್ತಾನೆ. ಹೇಳದೆ ಬೇರೆ ಕಡ್ಡಿ ಕಟ್ಟಿ ಕೊಟ್ಟರೆ, ಹಣ್ಣು ಎಷ್ಟೇ ಸಿಹಿಯಾಗಿ ಬಂದರೂ, ಅದು ಮೋಸ.

ಬುಷ್ ಹಾಡಿದ ಬೆಲಾಡೊನಾನ ಹಾಡು ಕಸಿ ಬಳ್ಳಿ. ಹೇಳಿ ಮಾರಿದ ಕಸಿ. ನಮಗೆ ರುಚಿಸದೆ ಇರಬಹುದು, ಆದರೆ ದೂರುವ ಹಕ್ಕಿಲ್ಲ. ಈಗ ಡಿಜಿಟಲ್ ವೇದಿಕೆಗಳಲ್ಲಿ ಆಗುತ್ತಿರುವುದು ಬೇರೆ. ಹಳೆಯ ಪ್ರಸಿದ್ಧ ಹಾಡಿನ ಹೆಸರು ಒತ್ತಿದರೆ ಎಷ್ಟೋ ಸಲ ಬರುವುದು ಅದೇ ಗಾಯಕರು ಮುಪ್ಪಿನಲ್ಲಿ ಮತ್ತೆ ಹಾಡಿದ ಆವೃತ್ತಿ. ಚಿತ್ರ ಹಳೆಯದು, ಹೆಸರು ಹಳೆಯದು, ಮರುಮುದ್ರಣ ಎಂಬ ಮಾತು ಎಲ್ಲೋ ಮೂಲೆಯಲ್ಲಿ. ಮೊದಲ ಸಲ ಕೇಳುವ ಹುಡುಗಿ ಇದೇ ಆ ಹಾಡು ಎಂದುಕೊಳ್ಳುತ್ತಾಳೆ. ಎಲ್ಲರೂ ಹೊಗಳಿದ್ದು ಇದನ್ನೇ ಎಂದು ಅಚ್ಚರಿಪಡುತ್ತಾಳೆ. ಅವಳಿಂದ ಕಸಿದುಕೊಂಡದ್ದು ಹಣವಲ್ಲ. ಹೋಲಿಸಿ ನೋಡುವ ಅವಕಾಶವನ್ನೇ ಅವಳಿಂದ ಕಸಿದುಕೊಳ್ಳಲಾಗಿದೆ.

ನಮ್ಮ ಕಾನೂನಿಗೆ ಇದರ ಅರಿವಿದೆ. 1980ರ ದಶಕದಲ್ಲಿ ಹಳೆಯ ಚಿತ್ರಗೀತೆಗಳನ್ನು ಹೊಸ ಗಾಯಕರಿಂದ ಹಾಡಿಸಿದ ಅಗ್ಗದ ಕ್ಯಾಸೆಟ್‌ಗಳು ದೇಶದ ತುಂಬ ಹರಡಿದವು. ಆ ಅನುಭವದ ನಂತರ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಮಾಡಿದ ತಿದ್ದುಪಡಿ ಹೀಗೆ ಹೇಳುತ್ತದೆ: ಮೊದಲ ಮುದ್ರಣ ಆದ ವರ್ಷ ಮುಗಿದು ಐದು ವರ್ಷ ಕಳೆಯುವ ತನಕ ಇಂಥ ಪರವಾನಗಿಯಲ್ಲಿ ಮರುಹಾಡು ತರುವಂತಿಲ್ಲ; ತಂದಾಗ ಅದು ಮರುಹಾಡು ಎಂದು ಹೊದಿಕೆಯ ಮೇಲೆ ಬರೆಯಬೇಕು; ಮೊದಲು ಹಾಡಿದವರ ಹೆಸರು, ಚಿತ್ರ ಬಳಸಿ ಜನರನ್ನು ತಪ್ಪು ದಾರಿಗೆ ಎಳೆಯಬಾರದು. ಭಜನೆಯ ಅಜ್ಜ ಒಂದು ಸಾಲಿನಲ್ಲಿ ಹೇಳಿದ್ದನ್ನೇ ಸಂಸತ್ತು ತನ್ನ ಭಾಷೆಯಲ್ಲಿ ಹೇಳಿತು.

ಆದರೆ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ, ಅದು ಅಷ್ಟು ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. ಧ್ವನಿಮುದ್ರಿಕೆಗೆ ಕರ್ತೃ ಯಾರು? ಹಾಡಿದವರಲ್ಲ, ನಿರ್ಮಾಪಕ. ಆ ಹಕ್ಕು ಅರವತ್ತು ವರ್ಷ. ಹಾಡಿದವರಿಗೆ ಪ್ರತ್ಯೇಕವಾದ ಕಲಾವಿದರ ಹಕ್ಕು ಬಂದದ್ದು 1994ರ ತಿದ್ದುಪಡಿಯಲ್ಲಿ, ರಾಯಲ್ಟಿಯ ಮಾತು ಸ್ಪಷ್ಟವಾದದ್ದು 2012ರಲ್ಲಿ. ಅದಕ್ಕೂ ಮುಂಚೆ ನಮ್ಮ ಕಡೆಯ ಗೀಗೀ ಪದದವರು, ಮೊಹರಂ ರಿವಾಯತದವರು, ತತ್ವಪದದವರು ಕ್ಯಾಸೆಟ್ಟಿಗೆ ಹಾಡಿದಾಗ ಒಂದು ದಿನದ ಸಂಭಾವನೆಯ ಆಚೆ ಏನು ಕೇಳಬೇಕೆಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಹೇಳುವವರೂ ಇರಲಿಲ್ಲ. ಅಂಥ ಒಬ್ಬ ಹಾಡುಗಾರ್ತಿ ಇಂದು ಅರವತ್ತೈದರಲ್ಲಿ, ಮೊಮ್ಮಗನ ಮೊಬೈಲಿನ ಮುಂದೆ ಕೂತು ಅದೇ ಪದವನ್ನು ಮತ್ತೆ ಹಾಡಿದರೆ ಅದನ್ನು ಏನೆನ್ನಬೇಕು? ದನಿ ಸೊರಗಿದೆ, ಉಸಿರು ಮೊದಲಿನಷ್ಟು ನಿಲ್ಲುವುದಿಲ್ಲ, ಹಳೆಯ ಕ್ಯಾಸೆಟ್ಟೇ ಚೆನ್ನಾಗಿತ್ತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಚೆನ್ನಾಗಿದ್ದ ಆ ದನಿ ಅವಳ ಕೈಯಲ್ಲಿಲ್ಲ. ಅವಳ ಪಾಲಿಗೆ ಉಳಿದದ್ದು ಈಗಿನ ದನಿ ಮಾತ್ರ. ಆ ಮರುಹಾಡನ್ನು ನಕಲು ಎಂದು ತಳ್ಳಿಹಾಕುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಸ್ವಿಫ್ಟ್ ಮಾಡಿದ್ದನ್ನು ಹೋರಾಟ ಎಂದು ಕೊಂಡಾಡುವ ನಾವು ಇವಳದನ್ನು ಹಪಹಪಿ ಎನ್ನಬಾರದು.

*

ಇದಕ್ಕೆ ಎದುರು ವಾದವೂ ಇದೆ, ಅದನ್ನು ಬದಿಗೆ ಸರಿಸಿ ಹೋಗುವುದು ಸರಿಯಲ್ಲ. ಹಾಡಿದವರಿಗೆ ಮರಳಿ ಹಾಡುವ ಹಕ್ಕಿರಬಹುದು, ಆದರೆ ಕೇಳಿದವರಿಗೂ ಆ ಹಾಡಿನಲ್ಲಿ ಪಾಲಿದೆ. ಮೂವತ್ತು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡವರು ಅವರು. ತಂಡಕ್ಕೆ ಹಳೆಯ ಮುದ್ರಣದಲ್ಲಿ ಕೊರತೆ ಕಂಡಿರಬಹುದು, ಕೇಳುಗನಿಗೆ ಅದು ಯೌವನದ ದನಿ. ಅದನ್ನು ತಿದ್ದಲು ನೀವು ಯಾರು ಎಂದು ಅವನು ಕೇಳಿದರೆ, ಬರೆದವರು ನಾವು ಎನ್ನುವುದು ಪೂರ್ಣ ಉತ್ತರವಾಗುವುದಿಲ್ಲ.

ನಾಡಗೀತೆಯ ಧಾಟಿಯ ವಿವಾದದಲ್ಲಿ ಇದೇ ಗಂಟು ಇತ್ತು. ಕುವೆಂಪು ಅವರ ಒಂದೇ ಕವಿತೆಗೆ ಮೈಸೂರು ಅನಂತಸ್ವಾಮಿಯವರದೊಂದು ಧಾಟಿ, ಸಿ. ಅಶ್ವತ್ಥ್ ಅವರದೊಂದು ಧಾಟಿ. ಎರಡನ್ನೂ ಜನ ಹಾಡಿಕೊಂಡು ಬೆಳೆದಿದ್ದರು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿ, ಎರಡು ನಿಮಿಷ ಮೂವತ್ತು ಸೆಕೆಂಡಿನ ಮಿತಿ ಹಾಕಿತು. ವಾದ ನ್ಯಾಯಾಲಯದ ತನಕ ಹೋಯಿತು. ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಹಾಡಬೇಕಾದಾಗ ಒಂದು ಧಾಟಿ ಬೇಕು, ಅದು ನಿಜ. ಆದರೆ ಅಧಿಕೃತ ಎಂದ ಮಾತ್ರಕ್ಕೆ ಇನ್ನೊಂದು ಧಾಟಿ ಹಾಡಿಕೊಂಡು ಬೆಳೆದವರ ಬಾಯಿಂದ ಅದು ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ.

ಹಾಗಾಗಿ ನನ್ನ ನಿಲುವು ಇಷ್ಟು. ಮರಳಿ ಹಾಡುವ ಸ್ವಾತಂತ್ರ್ಯಕ್ಕೆ ಕಲೆಯ ಕಡೆಯಿಂದ ಯಾವ ಮಿತಿಯೂ ಬೇಡ. ಕೆಟ್ಟದಾಗಿ ಹಾಡುವ ಹಕ್ಕೂ ಅದರಲ್ಲಿ ಸೇರಿದೆ. ನೀತಿಯ ಕಡೆಯಿಂದ ಎರಡು ಕಟ್ಟಳೆ ಸಾಕು. ಒಂದು, ಅಂಕಿತ ತಪ್ಪಬಾರದು: ಯಾರು ಕಟ್ಟಿದರು, ಮೊದಲು ಯಾರು ಹಾಡಿದರು, ನುಡಿಸಿದರು, ಈಗ ಯಾರು ಹಾಡುತ್ತಿದ್ದಾರೆ ಎನ್ನುವುದು ಕೇಳುಗನಿಗೆ ತಿಳಿಯಬೇಕು. ಎರಡು, ಹೊಸದು ಬಂತೆಂದು ಹಳೆಯದನ್ನು ಅಳಿಸಬಾರದು. ಮಗ ಅಪ್ಪನ ಪಕ್ಕದಲ್ಲಿ ಕೂರಲಿ, ಅವನನ್ನು ಎಬ್ಬಿಸಿ ಆ ಜಾಗದಲ್ಲಿ ಕೂರುವುದು ಬೇಡ. ಆಂಥ್ರಾಕ್ಸ್, ಎಕ್ಸೋಡಸ್, ಸ್ವಿಫ್ಟ್ ಮೂವರೂ ಈ ಎರಡನ್ನೂ ಪಾಲಿಸಿದರು. 2002ರ ಆಜಿ ಆಲ್ಬಮ್‌ಗಳು ಎರಡನ್ನೂ ಮುರಿದವು.

ಗೋಲಗುಂಬಜದ ಪಿಸುಮಾತಿನ ಮೊಗಸಾಲೆಗೆ ಹತ್ತಿದವರು ಒಂದು ಸಲ ಕೂಗಿ ಹಲವು ಸಲ ಕೇಳಿಸಿಕೊಳ್ಳುತ್ತಾರೆ. ಮರಳಿ ಬಂದದ್ದು ಅದೇ ದನಿ ಎಂದು ಯಾರಿಗೂ ಅನುಮಾನವಿಲ್ಲ, ಏಕೆಂದರೆ ಗೋಡೆಗೆ ವಯಸ್ಸಾಗುವುದಿಲ್ಲ, ಅದು ತನ್ನದೇನನ್ನೂ ಸೇರಿಸುವುದಿಲ್ಲ. ಮನುಷ್ಯ ಮರಳಿ ಹಾಡಿದಾಗ ನಡುವಿನ ವರ್ಷಗಳೂ ಹಾಡಿಗೆ ಬಂದು ಸೇರುತ್ತವೆ: ಸತ್ತ ಗೆಳೆಯ, ಬಿಟ್ಟುಹೋದ ಗಾಯಕ, ಕೈತಪ್ಪಿದ ಹಕ್ಕು, ಸೊರಗಿದ ಉಸಿರು. ಬುಷ್ ಹಾಡಿದ ಆ ಹಾಡುಗಳನ್ನು ಈಗ ಕೇಳಿದರೆ, ಇನ್ನೊಂದು ವರ್ಷದಲ್ಲಿ ತನ್ನ ಜಾಗ ಬಿಟ್ಟುಕೊಡಬೇಕಾದವನು ಹಾಡುತ್ತಿದ್ದಾನೆ ಎನ್ನುವುದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮೂಲ ಮುದ್ರಣಕ್ಕೆ ಈ ಅರ್ಥ ಬರಲು ಸಾಧ್ಯವೇ ಇರಲಿಲ್ಲ.